ತಪ್ಪಾಯ್ತು ಎನ್ನದ ಚಿಕ್ಕಗೌರಮ್ಮ

ಇದನ್ನು ಬರೆಯುತ್ತಿರುವ ತಿಲಕ್ ಎಂಬ ಪ್ರಾಣಿ ಮನೆಮನೆಗೆ ಹೋಗಿ ಕರೆಂಟಿನ ಮೀಟರು ನೋಡಿ ಬಿಲ್ಲು ಹರಿದುಕೊಡುವ ಗುತ್ತಿಗೆ ಕೆಲಸದವನು. ಸುತ್ತಲ ಊರಿನ ನಾಯಿಗಳಿಗೆಲ್ಲ ಅವನ ಪರಿಚಯವಿದೆ; ಮನುಷ್ಯರಿಗೆ ಅವನ ಕೈಯಲ್ಲಿರುವ ಮಿಷನ್ನಿನ ಪರಿಚಯ ಮಾತ್ರ. ಡಿಗ್ರಿ ಮುಗಿಸಿದ್ದಾನೆ. ಅದರ ಜೊತೆಗೆ ಒಂದಿಷ್ಟು ಲೋಕಜ್ಞಾನವೂ ಬಂದಿದೆಯೆಂದು ಬಹಳ ದಿನ ನಂಬಿಕೊಂಡಿದ್ದ. ದಬ್ಬೇಘಟ್ಟದಿಂದಾಚೆ, ಬಸ್ಸು ತಿರುಗಿಸಿಕೊಂಡು ವಾಪಸು ಹೊರಡುವ ಊರಿಗೆ ಅವನನ್ನು ಹಾಕಿದ ಮೊದಲ ತಿಂಗಳೇ ಆ ಲೋಕಜ್ಞಾನದ ಮೇಲೆ ಒಂದು ತೆಂಗಿನಕಾಯಿ ಬಿತ್ತು.

ಆದದ್ದು ಇಷ್ಟು. ಹನುಮಂತಯ್ಯ ಎಂಬುವನ ಮನೆ ಬಾಗಿಲಲ್ಲಿ ನಿಂತು “ಕರೆಂಟ್ ಬಿಲ್ಲೂ” ಎಂದು ಕೂಗಿದ. ಒಳಗಿನಿಂದ ಧಡ್ ಎಂದು ಸದ್ದು. ಅದರ ಬೆನ್ನಿಗೇ ಒಬ್ಬ ಗಂಡಸಿನ ಸಣ್ಣ ದನಿ: “ಅಯ್ಯೋ, ತಡಿಯೇ, ಕಾಲ ಮ್ಯಾಲೆ ಬಿತ್ತು.” ಅದರ ಮೇಲೆ ಹೆಂಚು ಅದುರುವಂಥ ಹೆಣ್ಣುದನಿ: “ಬೀಳ್ದೆ ಇನ್ನೇನು? ಅಡ್ಡ ಬರಬ್ಯಾಡ ಅಂತ ಎಷ್ಟು ಸಲ ಬಡ್ಕೊಳ್ಳನ? ಇನ್ನೊಂದು ಕಿತ ತಲೆ ಮ್ಯಾಲೇ ಬತ್ತದೆ ನೋಡು!” ಮತ್ತೆ ಧಡ್.

ತಿಲಕ್ ಇಣುಕಿದ. ಅಟ್ಟದ ಮೇಲೆ ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡ ಹೆಂಗಸು, ಕೈಯಲ್ಲಿ ತೆಂಗಿನಕಾಯಿ. ಕೆಳಗೆ ತಲೆಗೆ ಗೋಣಿಚೀಲ ಹೊದ್ದು ಕುಗ್ಗಿ ನಿಂತ ಗಂಡಸು. ಪೇಪರಿನಲ್ಲಿ ಓದಿದ್ದು, ಮೊಬೈಲಿನಲ್ಲಿ ನೋಡಿದ್ದು ಎಲ್ಲ ಒಟ್ಟಿಗೆ ನೆನಪಾಗಿ, “ಅಕ್ಕಾ ಬ್ಯಾಡಿ, ಮಾತಲ್ಲೇ ಬಗೆಹರಿಸ್ಕೊಳ್ಳಿ!” ಎನ್ನುತ್ತ ಅವನು ಆ ಬಡಪಾಯಿಗೆ ಅಡ್ಡ ನುಗ್ಗಿದ. ಅಷ್ಟರಲ್ಲಿ ಅಕ್ಕನ ಕೈ ಬಿಟ್ಟಿದ್ದ ಕಾಯಿ ಬಂದು ಅವನ ಭುಜದ ಮೇಲೆ ಕೂತಿತು.

ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿ ಇಳಿಸುವ ದಿನವದು. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಕೊಬ್ಬರಿ ಕಳಚಿಕೊಂಡು ಗಡಗಡ ಅಂದರೆ ಕೆಳಕ್ಕೆ, ಅನ್ನದಿದ್ದರೆ ಮೂಲೆಗೆ. ಕೆಳಗಿನವನು ಆಯ್ದು ರಾಶಿ ಹಾಕಬೇಕು. ಈ ಸೀಮೆಯ ಮನೆಮನೆಯಲ್ಲಿ ನಡೆಯುವ ಕೆಲಸ. ತುರುವೇಕೆರೆ ಪೇಟೆಯಲ್ಲಿ ಹುಟ್ಟಿ ಬೆಳೆದ ತಿಲಕ್‌ಗೆ ಕೊಬ್ಬರಿ ಗೊತ್ತಿದ್ದುದು ಅಮ್ಮನ ಅಡಿಗೆಮನೆಯ ಡಬ್ಬಿಯೊಳಗೆ ಮಾತ್ರ.

ಅವನ ಭುಜಕ್ಕೆ ಎಣ್ಣೆ ತಿಕ್ಕುತ್ತ ಹನುಮಂತಯ್ಯ ಮೆಲ್ಲಗೆ ಕೇಳಿದ: “ಅಲ್ಲ ಮಗಾ, ನಾನು ಮ್ಯಾಲಿದ್ದು ಅವಳು ಕೆಳಗಿದ್ದಿದ್ರೆ ಏನ್ಮಾಡ್ತಿದ್ದೆ?”

ತಿಲಕ್ ಪ್ರಾಮಾಣಿಕವಾಗಿ ಯೋಚಿಸಿದ. “ಮೀಟರ್ ನೋಡಿ, ಬಿಲ್ಲು ಕೊಟ್ಟು ಹೋಗ್ತಿದ್ದೆ ಅನ್ಸತ್ತೆ” ಎಂದ.

ಅಟ್ಟದ ಮೇಲೆ ಹೆಂಗಸು ಗಟ್ಟಿಯಾಗಿ ನಕ್ಕಳು. ಅವಳೇ ಚಿಕ್ಕಗೌರಮ್ಮ. ಇಲ್ಲಿಂದ ಮುಂದಿನದು ಅವಳ ಕಥೆ. ಬಿಲ್ಲಿನವನು ಎಣ್ಣೆ ಇಳಿಯುವವರೆಗೆ ಜಗಲಿಯ ಮೇಲೆ ಕೂತಿರಲಿ.

ಚಿಕ್ಕಗೌರಮ್ಮ ಬಿಳಿಗೆರೆಯ ಮಗಳು. ಅವಳಪ್ಪನ ತೋಟಕ್ಕೆ ಕೋತಿಗಳ ಕಾಟ ಹೆಚ್ಚು. ಎಳನೀರು ಕಚ್ಚಿ ಎಸೆಯುವ ಆ ಸೈನ್ಯವನ್ನು ಓಡಿಸಲು ಅಣ್ಣಂದಿರಿಗೆ ಕವಣೆ ಕೊಟ್ಟ ಅಪ್ಪ, ಇವಳಿಗೆ ಏನೂ ಕೊಡಲಿಲ್ಲ. ಹಾಗಾಗಿ ಇವಳು ಬಾಯಿ ತೆಗೆದಳು. ಅಣ್ಣಂದಿರ ಕಲ್ಲಿಗೆ ಕೋತಿ ಮರದಿಂದ ಮರಕ್ಕೆ ಹಾರಿದರೆ ಇವಳ ಕೂಗಿಗೆ ಪಕ್ಕದ ತೋಟವನ್ನೂ ದಾಟಿ ಹೋಗುತ್ತಿದ್ದವಂತೆ. ಹಾಗೆ ಬೆಳೆದ ದನಿಯನ್ನು ಹೆಣ್ಣು ನೋಡಲು ಬಂದವರೆದುರು ಬಚ್ಚಿಡು ಎಂದು ಅವ್ವ ಹೇಳಿದ್ದಳು. ಅವಳು ಬಚ್ಚಿಟ್ಟಳು. ಹೆಸರು ಕೇಳಿದರೆ ನೆಲ ನೋಡಿ ಗೊಣಗಿದಳು. “ಪಾಪ, ಹುಡುಗಿಗೆ ಬಾಯೇ ಇಲ್ಲ, ನಮ್ಮ ಮನೆಗೆ ಸರಿಹೋಗ್ತಾಳೆ” ಎಂದು ಗಂಡಿನ ತಾಯಿ ಖುಷಿಪಟ್ಟಳು. ಮದುವೆಯ ಮಾರನೇ ಬೆಳಿಗ್ಗೆ ಹಿತ್ತಲಿಗೆ ನುಗ್ಗಿದ ಹಸುವನ್ನು ಸೊಸೆ ಕೂಗಿ ಓಡಿಸಿದಾಗ ಅತ್ತೆಯ ಕೈಲಿದ್ದ ಚೊಂಬು ಬಿತ್ತು.

ಹನುಮಂತಯ್ಯನಿಗೆ ಮಾತ್ರ ಅದರಿಂದ ಏನೂ ತೊಂದರೆಯಾಗಲಿಲ್ಲ. ಅವನದು ಹತ್ತಿರ ಹೋಗಿ ಕಿವಿಗೊಟ್ಟರೆ ಕೇಳಿಸುವ ದನಿ. ನಾಲ್ಕು ಜನರ ನಡುವೆ ನಿಂತು ಮಾತಾಡುವುದೆಂದರೆ ಅಂಗೈ ಬೆವರುತ್ತಿತ್ತು. ಒಲೆಯ ಮುಂದೆ ಕೂತರೆ ಮಾತ್ರ ಅವನು ರಾಜ. ಹುರುಳಿ ಬಸ್ಸಾರು ಮಾಡಿದ ದಿನ ಬೀದಿಯವರು ಏನಾದರೊಂದು ನೆಪ ಹೇಳಿಕೊಂಡು ಬಟ್ಟಲು ಹಿಡಿದು ಬರುತ್ತಿದ್ದರು. ಹೀಗಾಗಿ ಮನೆಯಲ್ಲಿ ಯಾರೂ ಕೂತು ತೀರ್ಮಾನಿಸದೆ ಒಂದು ಏರ್ಪಾಡು ತಾನಾಗಿ ಆಗಿಹೋಯಿತು. ದಲ್ಲಾಳಿ, ಲೈನ್‌ಮ್ಯಾನು, ಗೊಬ್ಬರದ ಅಂಗಡಿ ಇವಳ ಪಾಲು. ಹಾಲು ಕರೆಯುವುದು, ಮುದ್ದೆ ತೊಳಸುವುದು, ನೆಂಟರ ಕ್ಷೇಮ ವಿಚಾರಿಸುವುದು ಅವನದು.

ಊರಿಗೆ ಈ ಏರ್ಪಾಡು ಜೀರ್ಣವಾಗಲಿಲ್ಲ. ಅವಳಿಗೆ ಗಂಡುಬೀರಿ ಎಂದು ಹೆಸರಿಟ್ಟರು. ಅವನಿಗೆ ‘ಪಾಪ’ ಎಂಬ ಬಿರುದು. ಹಾಗಂತ ಅವಳ ದನಿ ಊರಿಗೆ ಬೇಡವಾಗಿತ್ತು ಎಂದಲ್ಲ. ಒಂದು ಸಲ ಟ್ರಾನ್ಸ್‌ಫಾರ್ಮರ್ ಸುಟ್ಟು ವಾರವಾದರೂ ಯಾರೂ ಬಾರದಿದ್ದಾಗ ಮೀಸೆ ಹೊತ್ತ ಗಂಡಸರೆಲ್ಲ ಇವಳ ಬಾಗಿಲಿಗೇ ಬಂದರು. “ಚಿಕ್ಕಗೌರಮ್ಮ, ನೀನೊಂದು ಫೋನ್ ಮಾಡಿ ಕೂಗ್ಬುಡು ತಾಯಿ.” ಕೂಗಿದಳು. ಸಂಜೆಗೆ ದೀಪ ಬಂತು. ಅದೇ ದೀಪದ ಕೆಳಗೆ ಕೂತು ಅದೇ ಗಂಡಸರು, “ಏನ್ ಬಾಯಪ್ಪಾ ಅದು, ಹೆಂಗೆ ಬಾಳ್ವೆ ಮಾಡ್ತಾನೋ ಪಾಪ” ಎಂದು ಎಲೆಯಡಿಕೆ ಜಗಿದರು. ಅವಳಿಗೆ ಅದು ಗೊತ್ತಾಗದೆ ಇರಲಿಲ್ಲ. “ಬೇಕಾದಾಗ ಎರವಲು ತಕ್ಕೊಂಡು ಹೋಗಿ, ವಾಪಸ್ ಕೊಡೋವಾಗ ಬೈದು ಹೋಯ್ತಾರೆ ನೋಡು” ಎಂದು ಗಂಡನಿಗೆ ಹೇಳಿ ನಕ್ಕುಬಿಟ್ಟಿದ್ದಳು.

ಮದುವೆಯಾಗಿ ಬರುವಾಗ ಅವಳು ತವರಿನಿಂದ ಒಂದಷ್ಟು ತೆಂಗಿನ ಸಸಿ ತಂದಿದ್ದಳು. ಅಪ್ಪನ ತೋಟದ ಹಳೇ ತಾಯಿಮರದ ಕಾಯಿಯಲ್ಲಿ ಎಬ್ಬಿಸಿದ ಸಸಿಗಳು. ಮದುವೆ ವ್ಯಾನಿನಲ್ಲಿ ನೆಂಟರ ಕಾಲಡಿ ಇಟ್ಟುಕೊಂಡು ಬಂದದ್ದು. ತೋಟದ ಒಳಗೆ ಜಾಗವಿಲ್ಲವೆಂದು ಮಾವ ಬದುವಿನ ಮೇಲೆ ನೆಡಲು ಹೇಳಿದ. ನೆಟ್ಟಳು. ಎರಡು ಬೇಸಿಗೆ ಕೆರೆಯಿಂದ ಕೊಡದಲ್ಲಿ ನೀರು ಹೊತ್ತು ಹಾಕಿದಳು. ಒಂದನ್ನು ಸುಳಿಕೊರಕ ಹುಳ ತಿಂದಿತು. ಉಳಿದವು ಸಾಲಾಗಿ ಎದ್ದು ನಿಂತವು. ಮಕ್ಕಳಾಗಲಿಲ್ಲ ಎಂದು ಊರವರು ಆಡಿಕೊಂಡ ವರ್ಷಗಳಲ್ಲಿ ಅವಳು ಹೆಚ್ಚು ಹೊತ್ತು ಕೂತದ್ದು ಆ ಸಾಲಿನ ನೆರಳಿನಲ್ಲೇ. ಅದನ್ನು ಅವಳು ಬಾಯಿಬಿಟ್ಟು ಹೇಳಿದ್ದಿಲ್ಲ. ಬದುವಿನಾಚೆಯ ತೋಟ ಶ್ರೀರಂಗಯ್ಯನದು.

ಶ್ರೀರಂಗಯ್ಯ ಕೆಟ್ಟವನೇನಲ್ಲ. ಹನುಮಂತಯ್ಯ ಜ್ವರ ಬಂದು ಮಲಗಿದ್ದಾಗ ತನ್ನ ಗಾಡಿಯಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದವನು. ಈ ಬೇಸಿಗೆಯಲ್ಲಿ ಅವನು ಮೇಲ್ಗಡೆ ಹೊಸ ಬೋರು ಹಾಕಿಸಿದ. ಕೆಳಗಿನ ತೋಟಕ್ಕೆ ಪೈಪು ಇಳಿಸಬೇಕಿತ್ತು. ನಟ್ಟನಡುವೆ ತೋಡಿದರೆ ಬಾಳೆ ಹಾಳಾಗುತ್ತದೆಂದು ಬದುವಿನ ಅಂಚಿಗೇ ಗೆರೆ ಎಳೆದು, ಒಂದು ಬೆಳಿಗ್ಗೆ ಜೆಸಿಬಿ ತರಿಸಿದ. ಯಾರಿಗೂ ಹೇಳಲಿಲ್ಲ. ತನ್ನ ಜಮೀನಿನಲ್ಲಿ ತಾನು ತೋಡುವುದಕ್ಕೆ ಯಾರಿಗೆ ಹೇಳಬೇಕು?

ಮಿಷನ್ನಿನ ಸದ್ದು ಕೇಳಿ ಚಿಕ್ಕಗೌರಮ್ಮ ಸೌದೆ ಬಿಸಾಕಿ ಓಡಿಬಂದಳು. ಅಷ್ಟರಲ್ಲಿ ಸಾಲಿನ ಉದ್ದಕ್ಕೂ ಗುಂಡಿ ಆಗಿಬಿಟ್ಟಿತ್ತು. ಮರಗಳ ಒಂದು ಮಗ್ಗುಲಿನ ಬೇರು ಪೂರಾ ಹರಿದು, ಕೆಂಪು ಎಳೆಗಳು ಮಣ್ಣಿನ ಗೋಡೆಯಿಂದ ಹೊರಗೆ ನೇತಾಡುತ್ತಿದ್ದವು. ಕೊನೆಯ ಎರಡು ಮರ ಬಾಕಿ.

“ನಿಲ್ಸಪ್ಪಾ ಗಾಡೀನ!”

ಡ್ರೈವರು ನಿಲ್ಲಿಸಿದ. ಆ ದನಿಗೆ ರೈಲಾದರೂ ನಿಲ್ಲುತ್ತಿತ್ತು.

“ಏನಮ್ಮಾ, ನಮ್ಮ ಜಮೀನಲ್ಲಿ ನಾವು ತೋಡಿದ್ರೆ ನಿಂದೇನು?” ಎಂದ ಶ್ರೀರಂಗಯ್ಯ.

“ಜಮೀನು ನಿಂದೇ ಕಣಪ್ಪ. ಬೇರು ನಂದು. ಕಣ್ಣಿಲ್ವಾ, ಹೆಂಗೆ ಕಿತ್ತು ನೇತಾಡ್ತಾವೆ ನೋಡು. ಗಾಳಿ ಬಂದ್ರೆ ಮಕಾಡೆ ಬೀಳ್ತವೆ. ಎರಡು ಮಾರು ಆ ಕಡೆಗೆ ತೋಡು, ಇದನ್ನ ಮುಚ್ಚು.”

“ಆ ಕಡೆ ಬಾಳೆ ಅದೆ.”

“ಬಾಳೆ ಕಡಿದ್ರೆ ಮರಿ ಬತ್ತದೆ. ಇದು ಬತ್ತದಾ?”

“ಹೋಗು, ಹನುಮಂತಣ್ಣನ್ನ ಕಳ್ಸು ಹೋಗು. ಹೆಂಗಸ್ರ ಕೂಡೆ ನಾನು ಜಗಳ ಆಡಲ್ಲ.”

“ಆಡಬ್ಯಾಡ. ಜಗಳಕ್ಕೆ ಕರೆದೋರ್ಯಾರು? ಎರಡು ಮಾರು ಜರುಗು ಅಂದೆ.”

ಶ್ರೀರಂಗಯ್ಯ ಅವಳ ಕಡೆ ನೋಡಲೂ ಇಲ್ಲ. ಡ್ರೈವರಿಗೆ, “ನೀನು ಹೊಡಿಯಪ್ಪ, ಆಕೆ ಇರೋದೇ ಹಂಗೆ” ಎಂದ. ಜೆಸಿಬಿಯ ಕೈ ಮೇಲೆದ್ದಿತು. ಚಿಕ್ಕಗೌರಮ್ಮ ಮೆಟ್ಟಿಲ ಮೇಲೆ ಕಾಲಿಟ್ಟು ಹತ್ತಿ, ಕೀಲಿ ತಿರುಗಿಸಿ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಡ್ರೈವರು ಎರಡೂ ಕೈ ಎತ್ತಿ ಸುಮ್ಮನೆ ಕೂತ. ಅವಳು ಇಳಿಯುತ್ತಿದ್ದಂತೆ ಶ್ರೀರಂಗಯ್ಯ ಬಂದು ಮಣಿಕಟ್ಟು ಹಿಡಿದ. “ಕೊಡಮ್ಮ ಇಲ್ಲಿ.” ಅವಳು ಕೊಡವಿದಳು. ಅವನು ಬಿಡಲಿಲ್ಲ. ಇನ್ನೊಂದು ಕೈಯಲ್ಲಿ ಎದೆಗೆ ತಳ್ಳಿದಳು. ಎರಡು ಹೆಜ್ಜೆ ಹಿಂದಕ್ಕೆ ಹೋದ ಶ್ರೀರಂಗಯ್ಯನಿಗೆ ಮೂರನೆಯ ಹೆಜ್ಜೆ ಇಡಲು ನೆಲವಿರಲಿಲ್ಲ. ತಾನೇ ತೋಡಿಸಿದ ಗುಂಡಿಯೊಳಗೆ, ಮೆತ್ತನೆ ಮಣ್ಣಿನ ಮೇಲೆ, ಪಂಕ್ತಿ ಊಟಕ್ಕೆ ಕೂತವನಂತೆ ಕೂತುಬಿಟ್ಟ. ಮೈಗೆ ಒಂದು ಗೀರೂ ಆಗಲಿಲ್ಲ. ಹೊರಗಿನವರಿಗೆ ಅವನ ತಲೆಯೂ ತಲೆಯ ಮೇಲಿನ ಟವೆಲೂ ಕಾಣುತ್ತಿದ್ದವು.

ಬಿಲ್ಲಿನ ತಿಲಕ್ ಆ ಹೊತ್ತಿಗೆ ಅದೇ ದಾರಿಯಲ್ಲಿ ಬಂದಿದ್ದ. ಹಿಂದೊಮ್ಮೆ ಭುಜಕ್ಕೆ ಬಿದ್ದದ್ದು ಸಾಕಾಗಿ, ಈ ಸಲ ಒಂದು ಮರದ ಹಿಂದೆ ನಿಂತು ಮೊದಲಿನಿಂದ ಕೊನೆಯವರೆಗೆ ನೋಡಿದ. ರಸ್ತೆಯಲ್ಲಿ ಗಾಡಿ ನಿಲ್ಲಿಸಿದ ಇನ್ಯಾರೋ ಮೊಬೈಲು ತೆಗೆದಿದ್ದರು. ಆದರೆ ತೆಗೆಯುವುದು ತಡವಾಗಿತ್ತು. ವಿಡಿಯೋ ಶುರುವಾಗುವುದೇ ತಳ್ಳುವ ಕೈಯಿಂದ. ಮಧ್ಯಾಹ್ನದ ಹೊತ್ತಿಗೆ ಅದು ಊರಿನ ಗ್ರೂಪುಗಳನ್ನೆಲ್ಲ ಸುತ್ತಿ, ದಂಡಿನಶಿವರದ ನೆಂಟರ ಮೂಲಕ ಅವಳ ಮನೆಗೇ ಬಂತು. ಮೇಲೆ ಬರೆದಿತ್ತು: ‘ರೈತನ ಮೇಲೆ ಮಹಿಳೆಯ ಹಲ್ಲೆ’.

“ಅವನು ರೈತ, ನಾನು ಮಹಿಳೆ” ಎಂದಳು ಚಿಕ್ಕಗೌರಮ್ಮ. “ನಾನೇನು ಮೂವತ್ತು ವರ್ಷದಿಂದ ಇಲ್ಲಿ ಸೀರೆ ಅಂಗಡಿ ಇಟ್ಕೊಂಡಿದ್ನಾ?”

ಊರು ಅಂದಿನಿಂದ ಅದೇ ಮಾತಾಡಿತು. ಗಂಡುಬೀರಿಗೆ ಇವತ್ತಲ್ಲ ನಾಳೆ ಬಾಯಿಯ ಜೊತೆ ಕೈಯೂ ಮುಂದೆ ಬರುತ್ತದೆಂದು ಮೊದಲೇ ಗೊತ್ತಿತ್ತು ಎಂದರು ಕೆಲವರು. ಹೆಂಡತಿಯನ್ನು ಹದ್ದುಬಸ್ತಿನಲ್ಲಿ ಇಡದ ಹನುಮಂತಯ್ಯನದೇ ತಪ್ಪು ಎಂದರು ಇನ್ನು ಕೆಲವರು. ನಲ್ಲಿಯ ಹತ್ತಿರ ಒಬ್ಬಳು, ಅಷ್ಟು ಸಲೀಸಾಗಿ ಎದೆ ಮುಟ್ಟಿ ತಳ್ಳಬೇಕಾದರೆ ಮೊದಲಿನಿಂದ ಏನೋ ಇರಬೇಕು ಎಂದಳು. ಸಂಜೆ ಅದು ಬೀದಿಯ ಎರಡೂ ತುದಿ ಮುಟ್ಟಿತು. ಬೇರಿನ ಸುದ್ದಿ ಯಾರ ಬಾಯಲ್ಲೂ ಇರಲಿಲ್ಲ.

ಶ್ರೀರಂಗಯ್ಯನ ಪಾಡೂ ಸುಖವಿರಲಿಲ್ಲ. ಹೋದ ತಿಂಗಳು ಅವನು ಹಾಲಿನ ಡೈರಿ ಜಗಲಿಯ ಮೇಲೆ ಸ್ವಂತ ಭಾವಮೈದುನನ ಜೊತೆ ಅಂಗಿ ಹರಿಯುವಂತೆ ಹೊಡೆದಾಡಿದ್ದ. ಒಬ್ಬನ ತುಟಿ ಒಡೆದಿತ್ತು. ಆಗ ಊರು ‘ಮಾತಿಗೆ ಮಾತು ಬಂತು’ ಎಂದು ಸುಮ್ಮನಾಯಿತು. ಸಂಜೆ ಇಬ್ಬರೂ ಒಂದೇ ಬೈಕಿನಲ್ಲಿ ಹೋದರು. ಈಗ ಟೀ ಅಂಗಡಿಗೆ ಹೋದರೆ ಸಾಕು, “ಬಾರಪ್ಪಾ, ಗುಂಡಿ ಬಿಟ್ಟು ಮ್ಯಾಲೆ ಬಂದ್ಯಾ? ಬಳೆ ಚೂರು ಎದೇಲಿ ಸಿಕ್ಕೊಂಡದಾ ನೋಡ್ಕೊ” ಎನ್ನುತ್ತಿದ್ದರು. ಮಣ್ಣು ಮುಚ್ಚಿಸಿ ಎರಡು ಮಾರು ಆಚೆಗೆ ತೋಡಿಸೋಣವೆಂದು ಗುಂಡಿಯಿಂದ ಏಳುವಾಗಲೇ ಅವನು ಅರ್ಧ ಮನಸ್ಸು ಮಾಡಿದ್ದ. ಟೀ ಕುಡಿದು ಎದ್ದಾಗ ಆ ಮನಸ್ಸು ಕಲ್ಲಾಗಿತ್ತು. “ಮುಚ್ಚಿಸ್ತೀನಿ. ಮೊದ್ಲು ಅವಳು ಎಲ್ಲರ ಮುಂದೆ ತಪ್ಪಾಯ್ತು ಅನ್ಲಿ” ಎಂದು ಹೇಳಿ ಕಳಿಸಿದ.

ಡ್ರೈವರು ಮಾರನೇ ದಿನ ಬಂದು ಕೈಕಟ್ಟಿ ನಿಂತು ಕೀಲಿ ಕೇಳಿದ. ಚಿಕ್ಕಗೌರಮ್ಮ ಕೀಲಿಯನ್ನೂ ಒಂದು ಎಳನೀರನ್ನೂ ಕೊಟ್ಟಳು. “ನೀವೂ ಅವರೂ ಒಂದು ತೀರ್ಮಾನಕ್ಕೆ ಬನ್ನಿ ಅಕ್ಕ, ನನ್ನ ಕರೀಬ್ಯಾಡಿ” ಎಂದು ಅವನು ಗಾಡಿ ತೆಗೆದುಕೊಂಡು ಬೇರೆ ಊರಿಗೆ ಹೊರಟುಹೋದ. ಗುಂಡಿ ಬಾಯಿ ತೆರೆದುಕೊಂಡೇ ಉಳಿಯಿತು. ತೋಡಿದ ಮಣ್ಣೆಲ್ಲ ಶ್ರೀರಂಗಯ್ಯನ ಕಡೆ ರಾಶಿ ಬಿದ್ದಿತ್ತು. ಅವನು ಒಪ್ಪದೆ ಮುಟ್ಟುವ ಹಾಗಿರಲಿಲ್ಲ. ಮೇಲೆ ಏಪ್ರಿಲ್ಲಿನ ಬಿಸಿಲು. ಹನುಮಂತಯ್ಯ ಯಾರಿಗೂ ಏನೂ ಹೇಳದೆ ಗೋಣಿಚೀಲ ನೆನೆಸಿ ಕಡಿದ ಬೇರಿಗೆ ಹೊದಿಸಿದ, ಮೇಲೆ ಮಟ್ಟೆ ಒಟ್ಟಿದ. ಬೆಳಿಗ್ಗೆ ನೆನೆಸಿದ್ದು ಮಧ್ಯಾಹ್ನಕ್ಕೆ ಹಪ್ಪಳವಾಗುತ್ತಿತ್ತು. ವಾರ ಕಳೆಯುವುದರೊಳಗೆ ಬುಡದಲ್ಲಿ ಎಳೆಗಾಯಿ ಉದುರತೊಡಗಿದವು. ಸಾಲಿನ ಒಂದು ಮರದ ಕೆಳಗರಿ ಜೋತುಬಿತ್ತು.

ಆ ಗರಿ ನೋಡಿಯೇ ಅವಳು ಊರವರು ಕರೆದ ಪಂಚಾಯ್ತಿಗೆ ಒಪ್ಪಿದ್ದು.

ಡೈರಿಯಲ್ಲಿ ಸಂಜೆಯ ಹಾಲು ಅಳೆದು ಮುಗಿದ ಮೇಲೆ ಎಲ್ಲರೂ ಜಗಲಿಯ ಮೇಲೆ ಸೇರಿದರು. ನ್ಯಾಯ ಹೇಳಲು ಏಕಾಂತಯ್ಯ ಬಂದಿದ್ದರು. ಊರಿಗೆ ಹಿರಿಯರು, ಕೊಟ್ಟ ಮಾತು ತಪ್ಪದವರು. ಇದ್ದ ಒಂದೇ ಕುರ್ಚಿ ಅವರಿಗೆ. ಹನುಮಂತಯ್ಯನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಚಿಕ್ಕಗೌರಮ್ಮ ಹಾಲಿನ ಕ್ಯಾನಿನ ಜೊತೆ ಗೋಡೆಗೆ ನಿಂತಳು.

“ಹೇಳಪ್ಪಾ ಹನುಮಂತಯ್ಯ, ಏನು ನಿನ್ನ ಸಮಾಚಾರ?”

“ಸಮಾಚಾರ ಅವಳದು ಯಜಮಾನ್ರೇ. ನಾನು ಅವತ್ತು ಹುರುಳಿ ಬೇಯಿಸ್ತಿದ್ದೆ.”

ಜಗಲಿ ಪೂರಾ ನಕ್ಕಿತು. “ಅಲ್ಲಯ್ಯಾ, ಗಂಡಸಲ್ವಾ ನೀನು? ಮುಂದೆ ನಿಂತು ಮಾತಾಡು” ಎಂದರು ಏಕಾಂತಯ್ಯ.

“ಗಂಡಸೇ. ಆದ್ರೆ ಗಿಡ ನೆಟ್ಟೋಳು ಅವಳು, ನೀರು ಹೊತ್ತೋಳು ಅವಳು, ತಳ್ಳಿದೋಳೂ ಅವಳೇ. ನಾನು ಏನಂತ ಮಾತಾಡ್ಲಿ?” ಹನುಮಂತಯ್ಯನ ಅಂಗೈ ಬೆವರಿತ್ತು, ಪಂಚೆಗೆ ಒರೆಸಿಕೊಂಡ.

ಏಕಾಂತಯ್ಯ ನಿಟ್ಟುಸಿರು ಬಿಟ್ಟು ಗೋಡೆಯ ಕಡೆ ತಿರುಗಿದರು. “ಸರಿ, ಕೇಳಮ್ಮ. ಒಂದೇ ಒಂದು ಮಾತು. ತಪ್ಪಾಯ್ತು ಅಂದ್ಬುಡು. ನಾಳೆ ಬೆಳಿಗ್ಗೆ ಗುಂಡಿ ಮುಚ್ಚಿಸೋ ಜವಾಬ್ದಾರಿ ನಂದು.”

ಅವರು ಮುಚ್ಚಿಸುತ್ತಾರೆಂದು ಅವಳಿಗೆ ಗೊತ್ತಿತ್ತು. ತಪ್ಪಾಯ್ತು ಎಂಬುದು ಅವಳ ಬಾಯಿಗೆ ಬಾರದ ಮಾತೂ ಆಗಿರಲಿಲ್ಲ. ಹಾಲು ಉಕ್ಕಿಸಿದ್ದಕ್ಕೆ ಅತ್ತೆಗೆ ಅಂದಿದ್ದಳು, ಬಿಸಿಲಲ್ಲಿ ಕಟ್ಟಿ ಮರೆತದ್ದಕ್ಕೆ ಹಸುವಿಗೆ ಅಂದಿದ್ದಳು, ಸುಮ್ಮಸುಮ್ಮನೆ ರೇಗಿದ್ದಕ್ಕೆ ಗಂಡನಿಗೆ ಎಷ್ಟೋ ಸಲ ಅಂದಿದ್ದಳು. ತಳ್ಳಿದ್ದಕ್ಕೆ ತಪ್ಪಾಯ್ತು ಅನ್ನು ಎಂದಿದ್ದರೆ ಅಂದೇಬಿಡುತ್ತಿದ್ದಳೇನೋ. ಆದರೆ ಇಲ್ಲಿ ಕೂತವರು ಅನ್ನು ಎನ್ನುತ್ತಿದ್ದುದು ತಳ್ಳಿದ್ದಕ್ಕಲ್ಲ, ಹೆಂಗಸಾಗಿ ತಳ್ಳಿದ್ದಕ್ಕೆ. ಜೋತುಬಿದ್ದ ಗರಿ ಕಣ್ಣಮುಂದೆ ಬಂತು. ಮಾತು ನಾಲಿಗೆಯ ತುದಿಗೂ ಬಂತು. ಅಷ್ಟರಲ್ಲಿ ಶ್ರೀರಂಗಯ್ಯ ಟವೆಲು ಸರಿಮಾಡಿಕೊಂಡು, ಕೇಳಿಸಿಕೊಳ್ಳಲು ಅನುಕೂಲವಾಗುವಂತೆ ಕಾಲಮೇಲೆ ಕಾಲು ಹಾಕಿದ.

“ಯಜಮಾನ್ರೇ,” ಎಂದಳು, “ಹೋದ ತಿಂಗಳು ಇದೇ ಜಗಲಿ ಮ್ಯಾಲೆ ಇವನೂ ಇವನ ಭಾವಮೈದನೂ ಬಡಿದಾಡಿದ್ರಲ್ಲ, ಅವತ್ತು ತಪ್ಪಾಯ್ತು ಅಂದೋರು ಯಾರು?”

“ಅದು ಗಂಡಸರ ಜಗಳ ಬುಡಮ್ಮ.”

“ಹಂಗಾರೆ ಇದನ್ನೂ ಗಂಡಸರ ಜಗಳ ಅಂತ್ಲೇ ತಿಳ್ಕೊಳಿ. ನಂಗೇನು ಬ್ಯಾಸ್ರ ಇಲ್ಲ.”

ಹಿಂದೆ ಯಾರೋ ಕಿಸಕ್ಕನೆ ನಕ್ಕು ಕೆಮ್ಮಿದರು. ಆಗ, ಬಾಕಿ ಉಳಿದಿದ್ದ ಡೈರಿಯ ಮೀಟರು ನೋಡಿ ಮುಗಿಸಿದ್ದ ತಿಲಕ್‌ಗೆ ತಡೆಯಲಾಗಲಿಲ್ಲ. ಸತ್ಯ ಹೇಳಿದರೆ ಎಲ್ಲ ಸರಿಹೋಗುತ್ತದೆಂದು ಡಿಗ್ರಿಯಲ್ಲಿ ಯಾರೂ ಕಲಿಸಿರಲಿಲ್ಲ, ಅವನೇ ಕಲಿತಿದ್ದ. “ಸಾರ್, ಆ ವಿಡಿಯೋ ಅರ್ಧದ್ದು. ನಾನು ಮೊದಲಿಂದ ನೋಡಿದೀನಿ. ಮೊದಲು ಅಕ್ಕನ ಕೈ ಹಿಡಿದದ್ದು ಇವರೇ” ಎಂದ.

ಜಗಲಿಯ ಮೇಲಿದ್ದವರೆಲ್ಲ ಶ್ರೀರಂಗಯ್ಯನ ಕಡೆ ತಿರುಗಿದರು.

“ಕೈ ಹಿಡಿದ್ನಾ?”

“ಇನ್ನೊಬ್ಬರ ಹೆಂಡ್ತಿ ಕೈಯ?”

ಏಕಾಂತಯ್ಯನವರ ಮುಖ ಕಪ್ಪಿಟ್ಟಿತು. ಇಂಥ ನ್ಯಾಯಕ್ಕೆ ಅವರ ಬಳಿ ಬೆಲ್ಲದ ಅಚ್ಚಿನಂತೆ ಎರಡು ಅಚ್ಚುಗಳಿದ್ದವು. ಹೆಂಗಸು ಬಜಾರಿಯಾದರೆ ಒಂದು, ಹೆಂಗಸಿನ ಮಾನಕ್ಕೆ ಕುಂದು ಬಂದರೆ ಇನ್ನೊಂದು. ಮೊದಲನೆಯದನ್ನು ಪಕ್ಕಕ್ಕಿಟ್ಟು ಎರಡನೆಯದನ್ನು ಕೈಗೆತ್ತಿಕೊಂಡರು. “ಶ್ರೀರಂಗ, ಇದು ಬ್ಯಾರೆ ಮಾತಾಯ್ತು. ಹನುಮಂತಯ್ಯನ ಮರ್ಯಾದೆ ಪ್ರಶ್ನೆ ಇದು. ಮೊದ್ಲು ಅವನ ಹತ್ರ ತಪ್ಪಾಯ್ತು ಅನ್ನು.”

ಶ್ರೀರಂಗಯ್ಯ ಕಾಲು ಇಳಿಸಿ ಎದ್ದುನಿಂತ. ಬೆವರಿಹೋಗಿದ್ದ. ಹನುಮಂತಯ್ಯನ ಮುಂದೆ ಕೈಮುಗಿದ. “ಕೆಟ್ಟ ಮನಸಿಂದ ಹಿಡೀಲಿಲ್ಲ ಹನುಮಂತಣ್ಣ. ತಪ್ಪಾಯ್ತು.” ಹತ್ತು ದಿನದಿಂದ ಊರೆಲ್ಲ ಹೊತ್ತು ತಿರುಗಿದ ಮಾತು, ಗಂಡಸಿನಿಂದ ಗಂಡಸಿಗೆ ಅಷ್ಟು ಸಲೀಸಾಗಿ ಇಳಿದುಬಂತು.

ಹನುಮಂತಯ್ಯ ತನ್ನ ಮಣಿಕಟ್ಟನ್ನು ಒಮ್ಮೆ ತಿರುಗಿಸಿ ನೋಡಿಕೊಂಡ. “ನನ್ನ ಕೈ ಹಿಡಿದ್ಯಾ ನೀನು?”

“ಇಲ್ಲಣ್ಣ.”

“ಮತ್ತೆ ನನಗ್ಯಾಕೆ ಹೇಳ್ತೀಯ?”

ಅಷ್ಟರಲ್ಲಿ ಹತ್ತಿರ ನಿಂತಿದ್ದ ಒಬ್ಬ, ಒಳ್ಳೆಯ ಮನಸ್ಸಿನವನೇ, ಚಿಕ್ಕಗೌರಮ್ಮನ ಕಿವಿಯಲ್ಲಿ ಹೇಳಿದ: “ಅಕ್ಕಾ, ಒಂಚೂರು ಅತ್ತುಬುಡು. ಮಾನ ಹೋಯ್ತು ಅಂತ ಸೆರಗು ಕಣ್ಣಿಗೆ ಒತ್ಕೊ. ಬೆಳಗಾಗೋದ್ರೊಳಗೆ ಇವನೇ ಹಾರೆ ತಕ್ಕೊಂಡು ಬಂದು ಮುಚ್ತಾನೆ.”

ಅದೂ ನಿಜವೇ. ಎರಡು ಹನಿಗೆ ಸಾಲು ಉಳಿಯುತ್ತಿತ್ತು. ಬಜಾರಿ ಎಂದು ತಲೆತಗ್ಗಿಸಿದರೂ ಗುಂಡಿ ಮುಚ್ಚುತ್ತಿತ್ತು, ಬಡಪಾಯಿ ಎಂದು ಅತ್ತರೂ ಮುಚ್ಚುತ್ತಿತ್ತು. ಬೇರು ಕಡಿದಿದ್ದಾನೆ, ಮುಚ್ಚಲಿ ಎಂದರೆ ಮಾತ್ರ ಯಾರಿಗೂ ಕೇಳಿಸುತ್ತಿರಲಿಲ್ಲ. ಕೋತಿ ಓಡಿಸುವ ದನಿಯಿದ್ದೂ ತನ್ನ ಮಾತು ಇವರಿಗೆ ಕೇಳಿಸದಲ್ಲ ಎಂದು ಅವಳಿಗೆ ಮೊದಲ ಸಲ ಆಶ್ಚರ್ಯವಾಯಿತು. ಆಮೇಲೆ ಸಿಟ್ಟು ಬಂತು.

“ಅಳೋದಿಲ್ಲ” ಎಂದಳು ಎಲ್ಲರಿಗೂ ಕೇಳುವಂತೆ. “ಕೈ ಹಿಡಿದ, ತಳ್ಳಿದೆ, ಬಿದ್ದ. ಅಲ್ಲಿಗೆ ಅದು ಮುಗೀತು. ನನ್ನ ಮಾನ ಗೀನ ಎಲ್ಲೂ ಹೋಗಿಲ್ಲ, ನೀವ್ಯಾರೂ ಬ್ಯಾಟರಿ ಹಿಡ್ಕೊಂಡು ಹುಡುಕಬ್ಯಾಡಿ. ಹೋಗಿರೋದು ಬೇರು. ಅದರ ಮಾತು ಯಾರಾದ್ರೂ ಆಡ್ತೀರಾ?”

ಏಕಾಂತಯ್ಯ ಎರಡೂ ಅಚ್ಚು ಖಾಲಿಯಾದವರಂತೆ ಕೂತಿದ್ದರು. ಶ್ರೀರಂಗಯ್ಯನೇ ಕೊನೆಗೆ, “ನೋಡಿದ್ರಾ, ಇದು ಈ ಹೆಂಗಸಿನ ಸೊಕ್ಕು! ಅನ್ನೋದೂ ಇಲ್ಲ, ಅನ್ನಿಸ್ಕೊಳ್ಳೋದೂ ಇಲ್ಲ. ಗುಂಡಿ ಅಂಗೇ ಇರ್ಲಿ” ಎಂದು ಎದ್ದು ಹೋದ. ಜಗಲಿ ಖಾಲಿಯಾಯಿತು. ತಿಲಕ್ ತನ್ನ ಮಿಷನ್ನನ್ನು ಚೀಲಕ್ಕೆ ಹಾಕಿ, ಇನ್ನು ಮೇಲೆ ಮೀಟರಿನ ಸತ್ಯವಷ್ಟೇ ಹೇಳುವುದೆಂದು ತೀರ್ಮಾನಿಸಿಕೊಂಡು ಬಸ್ಸು ಹಿಡಿದ.

ಗಂಡಹೆಂಡಿರು ಕ್ಯಾನು ಹಿಡಿದು ನಡೆದರು.

“ಅಂದ್ಬುಡಬೋದಾಗಿತ್ತಾ?” ಎಂದಳು ಚಿಕ್ಕಗೌರಮ್ಮ. ಹೆಣ್ಣು ನೋಡುವ ದಿನ ಬಿಟ್ಟರೆ ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ಹನುಮಂತಯ್ಯ ಕೇಳಿರಲಿಲ್ಲ.

“ನಿನ್ನ ಮರ, ನಿನ್ನ ಬಾಯಿ. ನಾನೇನು ಹೇಳ್ಲಿ?”

“ಊರೆಲ್ಲ ನಿನ್ನ ಪಾಪ ಅಂತಾರೆ.”

“ಅನ್ನಲಿ ಬುಡು. ಪಾಪ ಅಂದೋರು ಮನೆಗೆ ಕರೆದು ಕಾಫಿ ಕೊಡ್ತಾರೆ. ನಿನ್ನಿಂದ ನಂಗೆ ಲುಕ್ಸಾನೇನಿಲ್ಲ.”

ಅವಳು ನಗಲಿಲ್ಲ. ನಾಲ್ಕು ಹೆಜ್ಜೆ ನಡೆದು, “ಗುದ್ದಲಿ ಕಾವು ಸಡಿಲ ಆಗ್ಬುಟ್ಟದೆ. ಬೆಣೆ ಹೊಡೆದುಕೊಡು” ಎಂದಳು.

ಮಾರನೇ ಬೆಳಿಗ್ಗೆ ಅವಳು ಗುದ್ದಲಿ, ಬಾಂಡ್ಲಿ ಹಿಡಿದು ಬದು ದಾಟಿ, ಗುಂಡಿಯನ್ನೂ ದಾಟಿ, ಶ್ರೀರಂಗಯ್ಯನ ಜಮೀನಿಗೇ ಇಳಿದಳು. ಯಾರನ್ನೂ ಕೇಳಲಿಲ್ಲ. ತನ್ನ ಜಮೀನಿನಲ್ಲಿ ತೋಡಲು ಅವನು ಯಾರನ್ನಾದರೂ ಕೇಳಿದ್ದನೇ? ಮಣ್ಣಿನ ರಾಶಿಗೆ ಗುದ್ದಲಿ ಹಾಕಿ ಎಳೆಯತೊಡಗಿದಳು. ಗುಂಡಿಯೊಳಗೆ ನಿಂತ ಹನುಮಂತಯ್ಯ ಬೇರಿನ ಮೇಲಿನ ಗೋಣಿಚೀಲ ತೆಗೆದು, ಬೀಳುವ ಮಣ್ಣನ್ನು ಕಾಲಿನಿಂದ ತುಳಿದು ಗಟ್ಟಿಮಾಡುತ್ತ ಬಂದ. ಮಧ್ಯೆ ಮಧ್ಯೆ ಕೊಡದಿಂದ ನೀರು ಬಿಟ್ಟ.

ಸುದ್ದಿ ಹೋಗಿ ಶ್ರೀರಂಗಯ್ಯ ಬಂದ. ಬಾಳೆಯ ಹತ್ತಿರ ನಿಂತ. ರಸ್ತೆಯ ಕಡೆ ಆಗಲೇ ಮೂರ್ನಾಲ್ಕು ಜನ ಮೊಬೈಲು ಹಿಡಿದು ಅಣಿಯಾಗಿದ್ದರು. ಗುದ್ದಲಿ ಕಸಿಯೋಣವೆಂದರೆ ಮತ್ತೆ ಹೆಂಗಸಿನ ಕೈ ಹಿಡಿದ ಎನ್ನುತ್ತಾರೆ. ಕೂಗಾಡೋಣವೆಂದರೆ ಅವಳ ದನಿಯ ಮುಂದೆ ತನ್ನದು ಏಳುವುದಿಲ್ಲ. ಪೊಲೀಸಿಗೆ ಹೇಳೋಣವೆಂದರೆ, ಹೆಂಗಸಿಗೆ ಹೆದರಿ ಸ್ಟೇಷನ್ನಿಗೆ ಹೋದ ಎಂದು ಟೀ ಅಂಗಡಿಯವರು ಜನ್ಮವಿಡೀ ಬಿಡುವುದಿಲ್ಲ. ಚಿಕ್ಕಗೌರಮ್ಮ ತಲೆಯೆತ್ತಿ ನೋಡಿದಳು. ಅವನ ಕೈಕಾಲು ಕಟ್ಟಿದ್ದು ತಾನಲ್ಲ, ಮೊಬೈಲು ಹಿಡಿದ ಆ ಗಂಡಸರೇ ಎಂದು ಅವಳಿಗೆ ಅನ್ನಿಸಿತು. ಒಂದು ಗಳಿಗೆ ಅಯ್ಯೋ ಅನ್ನಿಸಿತು. ಗುದ್ದಲಿ ಮಾತ್ರ ನಿಲ್ಲಿಸಲಿಲ್ಲ. ಅವನು ಟವೆಲು ಕೊಡವಿಕೊಂಡು ಮನೆಗೆ ತಿರುಗಿದ.

ಬಿಸಿಲೇರಿದ ಮೇಲೆ ಅವನ ಹೆಂಡತಿ ಹೊಂಬಾಳಮ್ಮ ಬಂದಳು. ಈ ಬದುವಿನ ಮೇಲಿಂದ ಇಬ್ಬರೂ ವರ್ಷಗಟ್ಟಲೆ ಮಜ್ಜಿಗೆ, ಸೊಪ್ಪು, ಕರಿಬೇವು ದಾಟಿಸಿಕೊಂಡವರು. ಹತ್ತು ದಿನದಿಂದ ಮಾತಿರಲಿಲ್ಲ. ಹೊಂಬಾಳಮ್ಮನ ಕಣ್ಣು ಊದಿಕೊಂಡಿತ್ತು. ಮಣ್ಣಿನ ರಾಶಿಯ ಪಕ್ಕ ನಿಂತು ಸೆರಗಿನ ತುದಿ ಹಿಂಡಿದಳು.

“ನಮ್ಮೋರು ಕಳ್ಸಿದ್ರು. ಹೆಂಗಸ್ರು ಹೆಂಗಸ್ರು ಮಾತಾಡ್ಕೊಳ್ಳಿ ಅಂದ್ರು.”

“ಮಾತಾಡು” ಎಂದಳು ಚಿಕ್ಕಗೌರಮ್ಮ, ಮಣ್ಣು ಎಳೆಯುತ್ತಲೇ.

“ಮಣ್ಣಿನ ಮಾತಲ್ಲ. ಮಣ್ಣು ಏನಾರ ಮಾಡ್ಕೊ.” ಹೊಂಬಾಳಮ್ಮ ಸುತ್ತ ನೋಡಿ ದನಿ ತಗ್ಗಿಸಿದಳು. “ಊರೋರು ಒಂದೊಂದು ಅಂತಾವ್ರೆ. ಕೇಳಬಾರ್ದು, ಆದ್ರೂ ಕೇಳ್ತೀನಿ. ನಿಂಗೂ ನಮ್ಮೋರ್ಗೂ... ಮೊದ್ಲಿಂದ ಏನಾರ ಇತ್ತಾ?”

ಗುಂಡಿಯೊಳಗೆ ಹನುಮಂತಯ್ಯನ ಕಾಲು ನಿಂತಿತು. ಅವನು ತಲೆಯೆತ್ತಿ, ಬಹಳ ಮುಖ್ಯವಾದದ್ದೇನೋ ಕಂಡವನಂತೆ ಮರದ ತುದಿ ನೋಡತೊಡಗಿದ. ಚಿಕ್ಕಗೌರಮ್ಮನಿಗೆ ಬಾಯಿತುಂಬ ಬೈಗುಳ ಬಂತು. ಆದರೆ ಕೇಳಿದವಳ ಮುಖದಲ್ಲಿ ಕೊಂಕಿರಲಿಲ್ಲ, ಭಯವಿತ್ತು. ಗುದ್ದಲಿಯನ್ನು ಮಣ್ಣಿಗೆ ಕಚ್ಚಿಸಿ ನಿಲ್ಲಿಸಿ, ಬೆವರು ಒರೆಸಿಕೊಂಡಳು.

“ನಿನ್ನ ಗಂಡನ ಹತ್ರ ನನಗೆ ಬೇಕಾಗಿರೋದು ಈ ಮಣ್ಣೊಂದೇ ಕಣಕ್ಕ. ಅದನ್ನ ತಕ್ಕೊತಾ ಇದೀನಿ. ಅವನನ್ನ ನೀನೇ ಮಡಿಕ್ಕೊ.”